ತಪ್ಪು ಕಪಾಟಿನ ತೀರ್ಪು ಹುಡುಕುವ ಕಡತದಕ್ಕ

ಬೆಳಿಗ್ಗೆ ಆರೂವರೆ. ನ್ಯಾಯಾಲಯದ ನೆಲಮಾಳಿಗೆಯ ದಾಖಲೆ ಕೋಣೆ. ಏಣಿಯ ಮೇಲಿಂದ ಬೈಗುಳ ಉದುರುತ್ತಿದೆ; ಕೆಳಗೆ ಏಣಿ ಹಿಡಿದು ನಿಂತವಳು ವರದಿ ಬರೆಯಲು ಬಂದ ನಾನೇ ಆದರೂ ಬೈಸಿಕೊಳ್ಳುತ್ತಿರುವವರು ಎಂದೋ ನಿವೃತ್ತರಾದ ಗುಮಾಸ್ತರು.

"ಪುಣ್ಯಾತ್ಮರು, ‘ರಜೆ ತಕರಾರು’ ಅಂತ ಕಟ್ಟಿಟ್ಟಿದಾರೆ! ಕಾಯಿಲೆ ಬಿದ್ದ ಜತೆಗಾರನ್ನ ನೋಡ್ಕೊಳ್ಳೋಕೆ ರಜೆ ಕೇಳಿದ ಅಂತ ಅಂಚೆಯವನನ್ನ ಕೆಲಸದಿಂದ ಕಿತ್ತಾಕಿದ ಕೇಸು ಕಣ್ರೀ ಇದು!"

ಈ ದಾಖಲೆ ಪಾಲಕಿ ವಕೀಲರಿಗೂ ಕಾವಲುಗಾರರಿಗೂ ‘ಕಡತದಕ್ಕ’. ಮೂವತ್ತೊಂದು ವರ್ಷದ ನೌಕರಿ. ದಿನಕ್ಕೆ ನಲವತ್ತು ಸಲ ಏಣಿ ಹತ್ತಿಳಿಯುತ್ತಾರೆ, ಧೂಳಿಗೆ ಬರುವ ಸೀನುಗಳನ್ನು ಎಣಿಸಿದವರಿಲ್ಲ.

ಸಲಿಂಗಪ್ರೇಮ ಅಪರಾಧವಾಗಿದ್ದ ಕಾಲದಲ್ಲಿ ಗುಮಾಸ್ತರು ಅದರ ಹೆಸರೆತ್ತಲೂ ನಾಚಿ, ಇಂಥ ಮೊಕದ್ದಮೆಗಳನ್ನು ಬಾಡಿಗೆ, ರಜೆ, ಇತರೆ ಎಂದು ಸಿಕ್ಕ ಕಪಾಟಿಗೆ ತುರುಕಿದರು. ಆಮೇಲೆ ಕಾನೂನು ಬದಲಾಯಿತು, ತಾರತಮ್ಯ ತಡೆಯುವ ಕಾಯಿದೆಯೂ ಬಂತು. ಅದಕ್ಕೆ ದಾರಿ ಮಾಡಿದ ತೀರ್ಪುಗಳು ಮಾತ್ರ ಧೂಳು ತಿನ್ನುತ್ತಲೇ ಇದ್ದವು. ಕಡತದಕ್ಕ ಊಟದ ಬಿಡುವಿನಲ್ಲಿ ಒಂದೊಂದೇ ಗಂಟು ಬಿಚ್ಚಿ ಓದಿ, ಹನ್ನೆರಡು ವರ್ಷದಲ್ಲಿ ಇನ್ನೂರ ಹದಿನಾಲ್ಕನ್ನು ಪತ್ತೆಹಚ್ಚಿದ್ದಾರೆ. "ನಿಮಗ್ಯಾಕಮ್ಮ ಇಲ್ಲದ ಉಸಾಬರಿ?" ಎಂದು ಮೇಲಧಿಕಾರಿ ಕೇಳಿದ್ದೂ ಉಂಟು.

"ನನ್ನ ತಮ್ಮನಿಗೋಸ್ಕರ," ಎನ್ನುತ್ತಾರೆ, ಏಣಿ ಇಳಿದು. "ಗೆಳೆಯನ ಜತೆ ಸಂಸಾರ ಮಾಡ್ತಾನೆ ಅಂತ ಶಾಲೆ ಮೇಷ್ಟ್ರ ಕೆಲಸದಿಂದ ತೆಗೆದ್ರು. ಕೇಸು ಹಾಕೋ ಅಂದೆ. ಯಾರಾದ್ರೂ ಗೆದ್ದಿದಾರೇನಕ್ಕಾ ಅಂದ. ನಂಗೇನು ಗೊತ್ತು? ಈ ಅಂಚೆಯವನು ಗೆದ್ದಿದ್ದ ಕಣ್ರೀ! ಕಾಗದ ನನ್ನ ತಲೆ ಮೇಲೇ ಇತ್ತು. ಮೊದಲ ಸಲ ಇದು ಕೈಗೆ ಸಿಕ್ಕಿದ ದಿನ ಹೊಟ್ಟೆ ಉರಿದುಹೋಯ್ತು." ತಮ್ಮ ಈಗ ಮನೆಪಾಠ ಹೇಳುತ್ತಾನೆ. ಅವನ ಗೆಳೆಯ ಅಕ್ಕನಿಗೆ ಇನ್ನೊಬ್ಬ ತಮ್ಮನೇ ಆಗಿಬಿಟ್ಟಿದ್ದಾನೆ.

ಇವತ್ತು ಹನ್ನೊಂದಕ್ಕೆ ಒಬ್ಬ ಬಸ್ ಚಾಲಕನ ವಿಚಾರಣೆ. ಅಂಚೆಯವನಂತೆ ಅವನನ್ನೂ ತೆಗೆದದ್ದು ರಜೆ ಕೇಳಿದ ಕಾರಣಕ್ಕೆ. ಜತೆಗಾರನ ಆರೈಕೆಗೆ ರಜೆ ಕೊಡಬೇಕೆಂದು ಇಲ್ಲಿ ಯಾರೂ ತೀರ್ಪಿತ್ತಿಲ್ಲ ಎಂಬುದು ಬಸ್ ಕಂಪನಿಯ ವಾದ. ಚಾಲಕನ ವಕೀಲೆ ಓಡೋಡಿ ಬಂದು ಅಂಚೆಯವನ ಕಡತ ಎದೆಗವಚಿಕೊಂಡು ಮೆಟ್ಟಿಲೇರುತ್ತಾಳೆ. ಕಡತದಕ್ಕ ಅದಾದಮೇಲೆ ಒಂದೇ ರಿಜಿಸ್ಟರನ್ನು ಮೂರು ಸಲ ಒರೆಸುತ್ತಾರೆ.

ಮೂರು ಗಂಟೆಗೆ ಚಾಲಕನೇ ಇಳಿದು ಬರುತ್ತಾನೆ. ಕಣ್ಣು ಕೆಂಪಗಿವೆ, ಬಾಯ್ತುಂಬ ನಗು. ಕೆಲಸ ವಾಪಸ್ ಸಿಕ್ಕಿದೆ. "ಅಕ್ಕಾ, ನಿಮ್ಮ ಋಣ ಹೇಗೆ ತೀರಿಸ್ಲಿ?"

"ನಾಳೆ ಬೆಳಿಗ್ಗೆ ಮೊದಲ ಬಸ್ಸು ನೀನೇ ತಗೊಂಡು ಬಾರಪ್ಪಾ," ಎನ್ನುತ್ತಾರೆ ಕಡತದಕ್ಕ. "ದಿನಾ ಬರೋದು ನಾನು ಅದರಲ್ಲೇ. ನಿನ್ನ ಜಾಗಕ್ಕೆ ಬಂದೋನು ಬ್ರೇಕ್ ಹಾಕಿ ಹಾಕಿ ನನ್ನ ಸೊಂಟ ಮುರಿದಿದಾನೆ."