ತವರಿನ ತಾಳಿಗೆ ಬಂದ ಚಿನ್ನ

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಕಬ್ಬು ಅನ್ನೋದು ಹುಲ್ಲಿನ ಜಾತಿ, ಆಕ್ಟೋಪಸ್ಸಿಗೆ ಮೂರು ಹೃದಯ, ನಮ್ಮ ಶ್ರೀರಂಗಪಟ್ಟಣದಲ್ಲಿ ಹಾರಿದ ಕಬ್ಬಿಣದ ಕೊಳವೆಯ ರಾಕೆಟ್ ನೋಡಿಯೇ ಇಂಗ್ಲಿಷರು ತಮ್ಮದನ್ನು ಮಾಡಿಕೊಂಡರು, ಇಂಥದ್ದನ್ನು ಎಲ್ಲಾದರೂ ಓದಿದೆನೋ, ಸಂಜೆಯೊಳಗೆ ಯಾರಿಗಾದರೂ ಹೇಳದಿದ್ದರೆ ಊಟ ಸೇರದು. ಪಾಂಡವಪುರದ ನಮ್ಮ ಅಕ್ಕಸಾಲೆ ಅಂಗಡಿಗೆ ಬಂದವರು ಉಂಗುರದ ಜೊತೆಗೆ ಇದನ್ನೂ ಕೇಳಿಸಿಕೊಂಡೇ ಹೋಗಬೇಕು. "ನಿನ್ ಬಾಯಿಗೊಂದು ಬೀಗ ಮಾಡ್ಕೊಡ್ತೀನಿ ಕಣವ್ವ, ಬೆಳ್ಳೀದೇ ಮಾಡ್ತೀನಿ," ಅಂತ ಅಪ್ಪ ಗೊಣಗುತ್ತಲೇ ಇರುತ್ತಾರೆ.

ಹೋದ ವರ್ಷ ಕ್ಯಾತನಹಳ್ಳಿಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ನಮ್ಮ ಕಡೆ ಮದುವಣಗಿತ್ತಿಗೆ ಗಂಡನ ಮನೆಯದೊಂದು ತಾಳಿಯಾದರೆ ತವರಿನದೊಂದು. ಅವರ ಮನೆಯ ತವರಿನ ತಾಳಿಗಳೆಲ್ಲ ನಮ್ಮ ತಾತನ ಕಾಲದಿಂದಲೂ ನಮ್ಮಲ್ಲೇ ಆಗುತ್ತಿದ್ದವು.

ಆದರೆ ಈ ಮೊಮ್ಮಗಳ ಮದುವೆಗೆ ಒಂದು ಕೊಂಕಿತ್ತು. ಹುಡುಗ ಹುಡುಗಿ ಮೆಚ್ಚಿಕೊಂಡಾಗಿತ್ತು. ಜಾತಕ ನೋಡಿದ ಜೋಯಿಸರು ಮಾತ್ರ, ಇಬ್ಬರ ನಕ್ಷತ್ರ ಒಂದಕ್ಕೊಂದು ಹೊಡೆದಾಡುತ್ತವೆ, ಆಗಿಬರೋದಿಲ್ಲ ಅಂದುಬಿಟ್ಟಿದ್ದರು. ಅಜ್ಜಿ ಮೊಮ್ಮಗಳ ಮುಖ ನೋಡಿ ಅರೆಮನಸ್ಸಿನಿಂದ ಒಪ್ಪಿದ್ದರು. ಅದಕ್ಕೇ ಮಿಕ್ಕದ್ದರಲ್ಲಿ ಕೂದಲೆಳೆಯಷ್ಟೂ ಕೊರತೆಯಾಗಬಾರದು ಅನ್ನೋ ಹಟ.

"ಯಾರೂ ಮೈಮೇಲೆ ಹಾಕ್ಕಂಡಿರೋ ಚಿನ್ನ ಬ್ಯಾಡಿ ಆಚಾರ್ರೇ. ವಸಾದೇ ಆಗ್ಬೇಕು."

ಅಪ್ಪ ಹೊಸ ಚಿನ್ನದ ತುಂಡನ್ನು ವೀಳ್ಯದೆಲೆ ಮೇಲಿಟ್ಟು ಕುಂಕುಮ ಹಚ್ಚಿದರು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಅಪ್ಪನ ಕೈಗೆ ಕೊಟ್ಟರೆ ಶಾಸ್ತ್ರ ಮುಗಿಯಿತು. ಅವರು ಕೈ ಚಾಚಿದರು. ನಾನು ಬಾಯಿ ಬಿಟ್ಟೆ.

"ಹೊಸದೆಲ್ಲಿಂದ ಬಂತಜ್ಜಿ? ಈ ಭೂಮಿ ಹುಟ್ಟೋಕೂ ಮುಂಚಿನ ಚಿನ್ನ ಇದು. ಉರಿದು ಸತ್ತ ನಕ್ಷತ್ರ ಎರಡು ಡಿಕ್ಕಿ ಹೊಡೆದಾಗ ಹುಟ್ಟಿದ್ದು!"

ಅಜ್ಜಿಯ ಕೈ ಅಲ್ಲೇ ನಿಂತಿತು.

"ಸತ್ತಿದ್ವಾ? ಡಿಕ್ಕಿ ಹೊಡುದ್ವಾ?"

ಅಯ್ಯೋ ನನ್ನ ನಾಲಿಗೆಯೇ! ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಚಿನ್ನವೇ ಕರಗಬೇಕಿತ್ತು. ಅಜ್ಜಿ ಎಲೆಯನ್ನು ಪಕ್ಕಕ್ಕೆ ಸರಿಸಿ, "ಏಳವ್ವ, ಓಗಾನ. ನಂಗೆ ಮೊದ್ಲಿಂದ್ಲೂ ಮನ್ಸೇ ಇರ್ನಿಲ್ಲ. ಈ ಸಂಬಂಧನೇ ಬ್ಯಾಡ ಬುಡು," ಅಂದರು. ಹುಡುಗಿಯ ಕಣ್ಣು ತುಂಬಿಬಂತು. ಒಂದು ಮದುವೆಯನ್ನೇ ಮುರಿದೆನಲ್ಲ, ಅದೂ ಮೊಬೈಲಿನಲ್ಲಿ ಓದಿದ್ದೊಂದನ್ನು ಹೇಳಿ!

"ಎಲ್ಲಾ ಚಿನ್ನಾನೂ ಹಂಗೇ ಹುಟ್ಟೋದಜ್ಜಿ," ಅಂತ ತೊದಲಿದೆ. "ನಿಮ್ಮ ಓಲೇನೂ ಅಷ್ಟೇ."

ಅಜ್ಜಿ ಕಿವಿ ಮುಟ್ಟಿಕೊಂಡರು. "ನನ್ ವಾಲೆನೂವಾ? ನಮ್ಮವ್ವ ಕೊಟ್ಟಿದ್ದು ಕಣೆ ಇದು."

"ಅದೂ ಡಿಕ್ಕೀಲೇ ಹುಟ್ಟಿದ್ದು."

ಆಗ ಹುಡುಗಿ ಮೂಗೆಳೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದಳು: "ನಿಂದೂ ತಾತಂದೂ ನಕ್ಷತ್ರ ಸಂದಾಗಿ ಕೂಡಿತ್ತಲ್ಲಜ್ಜಿ. ಒಂದಿನನಾರ ಜಗಳ ಆಡ್ದೆ ಉಂಡಿದ್ದೀರಾ? ನಮ್ಮಿಬ್ರುದು ಒಡೆದಾಡ್ತವೆ ಅಂದ್ರೆ ಒಡೆದಾಡ್ಲಿ ಬುಡು. ಚಿನ್ನ ಹುಟ್ತದಲ್ಲ!"

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಭುಜ ಕುಲುಕಿಸಿ ನಗುತ್ತಿದ್ದಾರೆ. "ಆ ಮುದುಕ್ನಾ? ದಿನಾ ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ತಳ್ಳವ್ನು!" ಅನ್ನುತ್ತಾ ಎಲೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅಪ್ಪನ ಕೈಗಿಟ್ಟರು. "ಸುರು ಅಚ್ಕಳಿ ಆಚಾರ್ರೇ." ನನ್ನ ಕಡೆ ತಿರುಗಿ, "ನೀನು ಮದ್ವೆಗೆ ಬಾ. ಬಾಯಿ ಮಾತ್ರ ಮನೇಲಿಟ್ಟು ಬಾ," ಅಂದರು.

ಹೋದೆ. ಊಟದ ಪಂಕ್ತಿಯಲ್ಲಿ ಅಜ್ಜಿಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತೆ, ಬಾಯಿಗೆ ಪಾಯಸದ ಕೆಲಸ ಕೊಟ್ಟು. ಎದುರಿಗಿದ್ದ ನೆಂಟರ ಹೆಂಗಸೊಬ್ಬಳು ರಾಗ ಎಳೆದಳು, "ಎಲ್ಲಾ ಸಂದಾಗೈತೆ. ನಕ್ಷತ್ರ ಒಂದು ಕೂಡಿಬರ್ನಿಲ್ವಂತಲ್ಲ, ಪಾಪ."

ಅಜ್ಜಿ ಹಪ್ಪಳ ಮುರಿದುಕೊಂಡರು. "ಕೂಡಿದ್ ನಕ್ಷತ್ರನೂ ನಾನ್ ನೋಡಿವ್ನಿ ಬುಡವ್ವ," ಅಂದರು. "ಡಿಕ್ಕಿ ಹೊಡುದ್ರೇನೇ ಚಿನ್ನ."