ಹುಳುವಿನ ಮನೆಗೆ ಬಂದ ಜಪಸರ ಮಾತೆ

೨೦೧೯ರ ಅಕ್ಟೋಬರ್ ೭, ಸೋಮವಾರ. ಆಕರ: ದಿಬ್ಬೂರಹಳ್ಳಿಯ ಚಿಕ್ಕಮ್ಮನ ಮನೆಯ ಗೋಡೆಯಲ್ಲಿ ಇಂದಿಗೂ ತೂಗುತ್ತಿರುವ, ಆ ವರ್ಷದ ಚರ್ಚಿನ ಕ್ಯಾಲೆಂಡರ್. ಆ ದಿನದ ಚೌಕದಲ್ಲಿ ಜಪಸರ ಮಾತೆಯ ಹಬ್ಬವೆಂದು ಅಚ್ಚಾಗಿದೆ. ಆಯುಧಪೂಜೆಯೂ ಅಂದೇ ಬಿದ್ದಿತ್ತು. ಮಾತೆಯ ಸ್ವರೂಪವನ್ನು, ಎಂದರೆ ಪ್ರತಿಮೆಯನ್ನು, ತಂದ ಆಟೋಗೆ ಬಾಳೆಕಂದು ಕಟ್ಟಿದ್ದುದು ನನಗೆ ಚೆನ್ನಾಗಿ ನೆನಪಿರುವುದರಿಂದ ದಿನಾಂಕದ ಬಗ್ಗೆ ಸಂಶಯವಿಲ್ಲ.

ಅಕ್ಟೋಬರ್ ನಮಗೆ ಮಣಿಸರ ಹಿಡಿದು ಮಾತೆಯನ್ನು ಪ್ರಾರ್ಥಿಸುವ ಜಪಸರದ ತಿಂಗಳು. ನಮ್ಮ ಕಡೆ ಕಥೋಲಿಕರ ಮನೆಗಳು ವಿರಳ. ಹೀಗಾಗಿ ಮಾತೆ ಮರಿಯಮ್ಮನವರ ಮೊಳದುದ್ದದ ಸ್ವರೂಪವೊಂದು ಚಿಂತಾಮಣಿ, ಶಿಡ್ಲಘಟ್ಟಗಳ ಮನೆಯಿಂದ ಮನೆಗೆ ಸಾಗಿ, ಒಂದೊಂದರಲ್ಲಿ ಒಂದು ರಾತ್ರಿ ತಂಗುತ್ತದೆ. ಮಂಡಿನೋವಿನಿಂದಾಗಿ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದ ಚಿಕ್ಕಮ್ಮನಿಗೆ ವರ್ಷದಲ್ಲಿ ಮಾತೆಯ ಸನ್ನಿಧಿ ಎಂದರೆ ಆ ಒಂದು ರಾತ್ರಿಯೇ.

ಆ ಸಲ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಎಂದರೆ, ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮುನ್ನ ಹಗಲಿರುಳೂ ಸೊಪ್ಪು ಮೇಯುವ ಹಂತ. ಆಗ ಹುಳುವಿಗೆ ಹೂವಿನ ಪರಿಮಳ, ಊದಿನಕಡ್ಡಿಯ ಹೊಗೆ, ಹೊರಗಿನವರ ಕಾಲು ಯಾವುದೂ ಸೋಕಬಾರದು. ಮಾತೆ ಬರುವುದೋ ಈ ಮೂರರ ಜೊತೆಗೇ. ಹುಳುವಿನ ತಟ್ಟೆಗಳಿದ್ದುದು ನಡುಮನೆಯಲ್ಲಿ. ಪ್ರತಿವರ್ಷ ಸ್ವರೂಪವನ್ನು ಇರಿಸುತ್ತಿದ್ದುದೂ ಅಲ್ಲಿಯೇ.

ಬೆಳಿಗ್ಗೆ ನಾನು ಚಿಕ್ಕಬಳ್ಳಾಪುರದಿಂದ ಬಂದು ಜಗಲಿಯಲ್ಲಿ ಕುಳಿತಾಗ ಚಿಕ್ಕಮ್ಮನ ಸೊಸೆ ಅದೇ ಮಾತು ತೆಗೆದಿದ್ದಳು.

“ಅತ್ತೆ, ಈ ಸಲ ಬ್ಯಾಡ ಅಂತ ಫೋನ್ ಮಾಡ್ಬಿಡಣ. ಆಯಮ್ಮ ಮುಂದಿನ್ ವರ್ಷ ಬರ್ತಾಳೆ. ಕೆಟ್ಟೋದ ಹುಳ ವಾಪಸ್ ಬರ್ತದಾ?”

“ಮುಂದಿನ್ ವರ್ಷ ನಾನಿರ್ತೀನಿ ಅಂತ ಬರ್ಕೊಡ್ತೀಯೇನೇ?”

“ನೀವೆಲ್ಲಿಗೆ ಹೋಗ್ತೀರಾ? ನನ್ನ ಬೈಯೋಕೆ ಇನ್ಯಾರವ್ರೆ?”

ಚಿಕ್ಕಮ್ಮ ನಗಲಿಲ್ಲ. “ಬರ್ಲಿ. ಹುಳಾನೂ ಕೆಡಬಾರ್ದು, ಆಯಮ್ಮನೂ ವಾಪಸ್ ಹೋಗಬಾರ್ದು.”

ಸಂಜೆ ಆಟೋ ಬಂತು. ಚಾಲಕ ತನ್ನ ಗಾಡಿಯ ಪೂಜೆ ಮುಗಿಸಿ, ಮಿಕ್ಕ ಮಲ್ಲಿಗೆ ಹಾರವನ್ನು ಮಾತೆಯ ಕೊರಳಿಗೂ ಹಾಕಿದ್ದ, ಊದಿನಕಡ್ಡಿಯನ್ನೂ ಹಚ್ಚಿದ್ದ. ಸೊಸೆ ಗೇಟಿನಲ್ಲೇ ತಡೆದಳು.

“ಅಣ್ಣ, ಅಲ್ಲೇ ನಿಲ್ಸು. ಹುಳ ಐತೆ.”

“ದೇವ್ರನ್ನೇ ತಡೀತೀಯೇನಕ್ಕ?”

“ದೇವ್ರನ್ನಲ್ಲ, ನಿನ್ ಮಲ್ಲಿಗೇನ.”

ಚಿಕ್ಕಮ್ಮ ಕೋಲೂರಿಕೊಂಡು ಬಂದು ಹಾರ ತೆಗೆಸಿದರು, ಕಡ್ಡಿ ನಂದಿಸಿದರು, ಒದ್ದೆ ಬಟ್ಟೆಯಿಂದ ಸ್ವರೂಪವನ್ನು ತಾವೇ ಒರೆಸಿದರು. ಪ್ರಾರ್ಥನೆಯೆಲ್ಲ ಕನ್ನಡದಲ್ಲಾದರೂ ಮಾತೆಯೊಡನೆ ಅವರ ಸ್ವಂತ ಮಾತು ತೆಲುಗಿನಲ್ಲಿ. “ರಾ ತಲ್ಲಿ”, ಬಾ ತಾಯಿ, ಎಂದು ಕರೆದು, ಜಗಲಿಯ ಮೇಲೊಂದು ಸ್ಟೂಲಿನಲ್ಲಿ ಇರಿಸಿದರು. ಪ್ರಾರ್ಥನೆಗೆ ಬಂದವರೂ ನಾವೂ ಅಂಗಳದಲ್ಲೇ ನಿಂತು ಜಪಸರ ಹೇಳಿದೆವು. ಬಂದವರೆಲ್ಲ ಹೊರಟ ಮೇಲೂ, ಜಗಲಿಯಲ್ಲಿ ಕುಳಿತಿದ್ದ ಚಿಕ್ಕಮ್ಮ ಏಳಲಿಲ್ಲ.

“ಮನೆಗ್ ಬಂದೋಳ್ನ ಹೊರಗೆ ಮಲಗ್ಸಿದಂಗಾಯ್ತು ಕಣಪ್ಪ” ಎಂದರು.

ಹುಳುವಿದ್ದ ಮನೆ ಬೇಡವೆಂದು ನಾನು ಎದುರು ಮನೆಯಲ್ಲಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದಾಗಲೂ ಸ್ವರೂಪ ಜಗಲಿಯ ಮೇಲಿತ್ತು. ಅಲ್ಲಿಂದಲೇ ಆಟೋ ಹತ್ತಿ ಮುಂದಿನ ಮನೆಗೆ ಹೋಯಿತು. ಬೆಳೆ ಕೆಡಲಿಲ್ಲ. ಆ ವರ್ಷ ಮಾತೆ ಹೊಸ್ತಿಲು ದಾಟಲಿಲ್ಲವೆಂದು, ಚಿಕ್ಕಮ್ಮ ತೀರಿಕೊಂಡ ಮೇಲೂ, ನಾನು ಹಲವರಿಗೆ ಹೇಳಿದ್ದೇನೆ.

ಕಳೆದ ತಿಂಗಳು ಸೊಸೆ ತನ್ನ ಹಳೆಯ ಫೋನಿನಲ್ಲಿದ್ದ ಕೆಲವು ಚಿತ್ರಗಳನ್ನು ಕಳುಹಿಸಿದಳು. ಅವುಗಳಲ್ಲೊಂದರ ಬಗ್ಗೆ ವಿಚಾರಿಸಿದೆ.

“ಸೊಪ್ಪು ಹಾಕಾಕೆ ಎದ್ದೆ ಭಾವ. ನೋಡಿದ್ರೆ ಇಬ್ರೂ ಒಳಗವ್ರೆ. ಒಂದು ಫೋಟೋ ತೆಗ್ದು ಸುಮ್ನಾದೆ. ಬೆಳಕಾಗೋಷ್ಟ್ರಲ್ಲಿ ಅತ್ತೇನೇ ಜಗಲಿಗೆ ತಂದಿಟ್ಬಿಟ್ಟಿದ್ರು” ಎಂದಳು.

ಚಿತ್ರದ ಮೇಲಿನ ದಿನಾಂಕ ಅಕ್ಟೋಬರ್ ೮. ಹೊತ್ತು, ನಾನಿನ್ನೂ ಏಳದಿದ್ದ ಬೆಳಗಿನ ಜಾವ. ನಡುಮನೆಯಲ್ಲಿ, ಹುಳುವಿನ ತಟ್ಟೆಗಳ ನಡುವೆ, ಮಣೆಯೊಂದರ ಮೇಲೆ ಸ್ವರೂಪ ನಿಂತಿದೆ. ಪಕ್ಕದಲ್ಲಿ ಚಿಕ್ಕಮ್ಮ ಜಪಸರ ಹಿಡಿದೇ ನಿದ್ದೆ ಹೋಗಿದ್ದಾರೆ.