ಜೋಳದ ಡಬ್ಬಿಯಲ್ಲಿ ಹುಗಿದಿಟ್ಟ ಕಾದಂಬರಿ

ಶಿರಾ ತಳ ಹಿಡಿಯಬಹುದಿತ್ತು. ಹಾಲು ಒಡೆಯಬಹುದಿತ್ತು, ವೈಶಾಖದ ಬಿಸಿಲಿನಲ್ಲಿ ಹಾಲಿಗೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ಹುಬ್ಬಳ್ಳಿಯವರು ಕುಳಿತ ಟಾಂಗಾ ನಮ್ಮ ಓಣಿಯ ತಿರುವಿನಲ್ಲಿ ಗಟಾರಕ್ಕೆ ಇಳಿಯಬಹುದಿತ್ತು. ಅವರು ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಕಸಬರಿಗೆ ಹಿಡಿದ ನನ್ನನ್ನೇ ಮನೆಯ ಮೊದಲ ದರ್ಶನವಾಗಿ ಪಡೆಯಬಹುದಿತ್ತು. ನಮ್ಮವರು ವಿನೋದದ ಪ್ರಸಂಗವೊಂದನ್ನು ಹೇಳಲು ಹೊರಟು, ಅದು ಮುಗಿಯುವ ಮೊದಲೇ ತಾವು ನಕ್ಕು, ಕೆಮ್ಮು ಹತ್ತಿಸಿಕೊಂಡು, ಬಂದವರಿಗೆ ಕ್ಷಯದ ಸಂಶಯ ತರಿಸಬಹುದಿತ್ತು. ಮಗಳು, ಕೇಳಿದ ಪ್ರಶ್ನೆಗೆ ಮನಸ್ಸಿನಲ್ಲಿದ್ದ ಉತ್ತರವನ್ನೇ ಕೊಟ್ಟುಬಿಡಬಹುದಿತ್ತು. ಇದೆಲ್ಲಕ್ಕಿಂತ ದೊಡ್ಡ ಭಯ ಅಡಿಗೆಮನೆಯಲ್ಲಿತ್ತು. ಜೋಳದ ಡಬ್ಬಿಯೊಳಗೆ ಮೊಳಕೈ ಆಳದಲ್ಲಿ ನಾನು ಹುಗಿದಿಟ್ಟ ಪ್ರೇಮದ ಕಾದಂಬರಿ ಹೇಗೋ ಹೊರಗೆ ಬರಬಹುದಿತ್ತು.

ಕಾದಂಬರಿಯನ್ನು ಜೋಳದಲ್ಲಿ ಹುಗಿಯುವ ಮಟ್ಟಕ್ಕೆ ನಾನು ಸುಮ್ಮಸುಮ್ಮನೆ ಇಳಿದವಳಲ್ಲ. ಮಗಳನ್ನು ಅದಕ್ಕೆ ಮುಂಚೆ ಇಬ್ಬರು ನೋಡಿ ಹೋಗಿದ್ದರು. ಮೊದಲಿನವರು ತಿರುಗಿ ಏನೂ ಹೇಳಿಕಳಿಸಲಿಲ್ಲ. ಎರಡನೆಯವರು ಖರೆ ಮಂದಿ, ಕಾರಣವನ್ನೇ ಹೇಳಿದರು. "ಹುಡುಗಿ ಛಲೋ ಇದ್ದಾಳ್ರಿ. ಆದ್ರ ನಿಮ್ಮ ಮನ್ಯಾಗ ಕಾದಂಬರಿ ಓದತಾರಂತ. ನಮ್ಮದು ಹಳೇ ಮಂದಿ ಮನಿ."

ನನ್ನ ಹೊಟ್ಟೆ ಉರಿದದ್ದು ಅವರ ಮೇಲಲ್ಲ. ನಮ್ಮ ಮನೆಯಲ್ಲಿ ಕಾದಂಬರಿ ಓದುವವಳು ನಾನು. ಮಗಳಿಗೆ ಬೀಜಗಣಿತ ಸೇರುತ್ತಿತ್ತು. ಮದುವೆಯಾಗಿ ಮಕ್ಕಳನ್ನು ಹಡೆದು ಕೂದಲು ನರೆತವಳು ಪ್ರೇಮದ ಕತೆ ಓದಿದ್ದಕ್ಕೆ, ಲೆಕ್ಕ ಬಿಡಿಸುವ ಹುಡುಗಿಯ ಲಗ್ನ ತಪ್ಪುವುದೆಂದರೆ ಯಾವ ನ್ಯಾಯ? ಹಾಗೆಂದು ಹೋಗಿ ಹೇಳುವಂತೆಯೂ ಇರಲಿಲ್ಲ. "ಓದೂದು ಅಕಿ ಅಲ್ರಿ, ನಾನು" ಎಂದರೆ ಇನ್ನೂ ಕೆಡುತ್ತಿತ್ತು.

ಆಗ ತಿಂಗಳಿಗೊಂದು ಪುಸ್ತಕ ಕಳಿಸುವವರಿದ್ದರು. ವರ್ಷದ ಚಂದಾ ತುಂಬಿದರೆ ಅಂಚೆಯವನು ಮನೆಗೆ ತಂದು ಕೊಡುತ್ತಿದ್ದ. ಬೇಸಿಗೆ ಬಂತೆಂದರೆ ಅವರಿಗೆ ಆಯ್ಕೆಯ ತಲೆನೋವಿರಲಿಲ್ಲ. ಸಾಲಿಗೆ ಸೂಟಿ, ಹೆಂಗಸರಿಗೆ ಹಪ್ಪಳದ ಹಂಗಾಮು, ಗಂಡಸರಿಗೆ ಸೆಕೆಯ ನೆಪ. ಒಂದು ತಿಂಗಳು ಪ್ರೇಮದ ಕಾದಂಬರಿ, ಮುಂದಿನ ತಿಂಗಳು ಯಾರೋ ಒಬ್ಬರ ವಿನೋದದ ನೆನಪುಗಳು. ಆ ಸಲ ಬಂದ ಕಾದಂಬರಿಯಲ್ಲಿ, ಬೇಸಿಗೆಗೆಂದು ಮಹಾಬಳೇಶ್ವರಕ್ಕೆ ಹೋದ ಹುಡುಗಿಯೊಬ್ಬಳು ಅಲ್ಲಿಯ ಕೆರೆಯ ದಂಡೆಯಲ್ಲಿ ಚಿತ್ರ ಬರೆಯುವವನೊಬ್ಬನನ್ನು ಕಂಡು, ಪುಟದಿಂದ ಪುಟಕ್ಕೆ ಸೊರಗುತ್ತಿದ್ದಳು.

ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ಹಪ್ಪಳ ಲಟ್ಟಿಸಲು ಕೂಡುತ್ತಿದ್ದರು. ನನ್ನ ಹಪ್ಪಳ ದುಂಡಗೆ ಬರುವುದಿಲ್ಲವೆಂದು ನನ್ನ ಕೈಯಿಂದ ಲಟ್ಟಣಿಗೆ ಕಸಿದು ಪುಸ್ತಕ ಕೊಟ್ಟಿದ್ದರು. ನಾನು ಓದಬೇಕು, ಅವರು ಕೇಳಬೇಕು. ಓದುವವಳಿಗೆ ಒಂದು ಕಟ್ಟಳೆಯನ್ನೂ ಹಾಕಿದ್ದರು: ಎಲ್ಲರೂ ಕೂಡಿದಾಗ ಮಾತ್ರ ಮುಂದಿನ ಪುಟ, ಒಬ್ಬಳೇ ಮುಂದೆ ಓದಕೂಡದು. ಹೀಗಾಗಿ ಒಬ್ಬಾಕೆ ಒಂದು ದಿನ ತಪ್ಪಿಸಿಕೊಂಡರೆ ಹಿಂದಿನದನ್ನೆಲ್ಲ ಮತ್ತೆ ಓದಬೇಕು. ಆ ಹುಡುಗಿಯನ್ನು ನಾನು ಅದೇ ಕೆರೆಯ ದಂಡೆಗೆ ಎಷ್ಟು ಸಲ ಕರೆದೊಯ್ದೆನೋ, ನನ್ನ ಕಾಲು ನೋಯತೊಡಗಿದ್ದವು.

ಕೇಳುವವರಾದರೂ ಸುಮ್ಮನೆ ಕೇಳುತ್ತಿದ್ದರೇ?

"ಅಕೀ ಅತ್ತಿ ಎಲ್ಲಿ ಸತ್ತಿದ್ಲು? ವಯಸ್ಸಿಗೆ ಬಂದ ಹುಡುಗೀನ ಒಬ್ಬಾಕೀನ ಕೆರೀಗೆ ಕಳಸತಾರೇನು?"

"ಗಾಳಿ ತಗೊಳ್ಳಾಕ ಹೋಗ್ಯಾಳ ಅಂತ ಬರದಾರಲ್ಲ."

"ನಮ್ಮ ಮನ್ಯಾಗೂ ಗಾಳಿ ಐತಿ. ಮುಂದ ಓದ್ರಿ, ಮುಟ್ಟಿದ್ನೋ ಇಲ್ಲೋ?"

ಮೂಲೆಯಲ್ಲಿ ಕುಳಿತ ನನ್ನ ಮಗಳು ಪಾಟಿಯಿಂದ ತಲೆ ಎತ್ತದೆಯೇ ಕೇಳುತ್ತಿದ್ದಳು: "ಈ ಮನಷ್ಯಾ ಮೂರು ಹೊತ್ತೂ ನಿಟ್ಟುಸಿರು ಬಿಡತಾನಲ್ಲವ್ವಾ, ಚಿತ್ರಾ ಯಾವಾಗ ತಗೀತಾನ?" ಅತ್ತೆಯವರು ದೂರ ಕುಳಿತು ಜಪಮಾಲೆ ಎಣಿಸುತ್ತ, "ಇಂಥಾ ಹೊಲಸು ಮನ್ಯಾಗ ಓದಬಾರ್ದು" ಎನ್ನುತ್ತಿದ್ದರು. ದೂರವೆಂದರೆ ಕೇಳಿಸುವಷ್ಟು ದೂರ. ಹುಡುಗಿ ಅಳುವಲ್ಲಿ ಮಣಿ ನಿಂತುಬಿಡುತ್ತಿತ್ತು.

ಹೀಗೆ ಹಿಟ್ಟಿನಲ್ಲಿ ಕಣ್ಣೀರು ಬೆರೆಸಿ ಹಪ್ಪಳ ಮಾಡಿಕೊಂಡು ಹೋದವರೇ, ಊರಲ್ಲಿ "ಅವರ ಮನ್ಯಾಗ ಕಾದಂಬರಿ ಓದತಾರ" ಎಂದು ಹೇಳಿದ್ದು. ಕೇಳಿದವರದ್ದೇನೂ ತಪ್ಪಿಲ್ಲ, ಓದಿದವಳದ್ದೇ ತಪ್ಪು. ಇಂದಿಗೂ ಇದನ್ನು ನೆನೆದರೆ ನನಗೆ ಉರಿಯುತ್ತದೆ.

ಇನ್ನು ವಿನೋದದ ಪುಸ್ತಕ. ಅದು ನಮ್ಮವರ ಪಾಲು. ಸಂಜೆ ಕಚೇರಿಯಿಂದ ಬಂದು, ರುಮಾಲು ಗೂಟಕ್ಕೆ ಹಾಕಿ, ನನ್ನನ್ನು ಒಲೆಯ ಮುಂದಿನಿಂದ ಕರೆದು ಓದುತ್ತಿದ್ದರು. ಲೇಖಕರ ಮನೆಗೆ ಹೇಳದೆ ಕೇಳದೆ ಒಬ್ಬ ಅತಿಥಿ ಬರುತ್ತಾನೆ, ಅಮಾವಾಸ್ಯೆಗೆ ಬಂದವನು ಹುಣ್ಣಿಮೆಯಾದರೂ ಹೊರಡುವುದಿಲ್ಲ, ಲೇಖಕರ ಹಾಸಿಗೆಯಲ್ಲೇ ಮಲಗುತ್ತಾನೆ, ಲೇಖಕರ ಅಂಗಿಯನ್ನೇ ತೊಡುತ್ತಾನೆ. ಅಂಗಿಯ ಮಾತು ಬರುವಷ್ಟರಲ್ಲಿ ನಮ್ಮವರ ಕಣ್ಣಲ್ಲಿ ನೀರು. ನಾನು ನಗುತ್ತಿರಲಿಲ್ಲ. ಅಷ್ಟು ದಿನ ಆ ಅತಿಥಿಗೆ ರೊಟ್ಟಿ ಬಡಿದವರು ಯಾರು ಎಂಬುದು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

"ನಿನಗ ವಿನೋದ ತಿಳಿಯಾಂಗಿಲ್ಲ ಬಿಡು" ಎನ್ನುತ್ತಿದ್ದರು.

"ತಿಳಿತೈತ್ರಿ. ನಗು ಬರಾಂಗಿಲ್ಲ."

ಹುಬ್ಬಳ್ಳಿಯಿಂದ ಮೂರನೆಯವರು ನೋಡಲು ಬರುತ್ತಾರೆಂದು ಗೊತ್ತಾದಾಗ ಕಾದಂಬರಿಯ ಕೊನೆಯ ಎರಡು ಪ್ರಕರಣ ಉಳಿದಿದ್ದವು. ಹುಡುಗಿ ಹಾಸಿಗೆ ಹಿಡಿದಿದ್ದಳು, ಚಿತ್ರಗಾರ ಮುಂಬಯಿಗೆ ಹೊರಟಿದ್ದ. ಹಪ್ಪಳದ ಕೂಟವನ್ನು ಅಲ್ಲಿಗೇ ನಿಲ್ಲಿಸಿದೆ. ಹುಡುಗ ಸಾಲಿಯ ಮಾಸ್ತರ, ತಂದೆ ವಕೀಲರು, ಒಳ್ಳೆಯ ಮನೆತನ. ಈ ಸಲವೂ ತಪ್ಪಿದರೆ ನಾಲ್ಕನೆಯವರು ಬರುವಾಗ ಊರು ಇನ್ನೇನು ಕಟ್ಟಿ ಹೇಳುತ್ತದೆಯೋ ಎಂದು ನನಗೆ ಊಟ ಸೇರಲಿಲ್ಲ. ಕಪಾಟಿನಲ್ಲಿ ಎದುರಿಗೆ ಅತ್ತೆಯವರ ಹಾಡಿನ ಪುಸ್ತಕ, ಪಕ್ಕಕ್ಕೆ ವಿನೋದದ ನೆನಪುಗಳು. ವಿನೋದಕ್ಕೆ ಯಾರ ಮಗಳ ಲಗ್ನವೂ ಮುರಿದದ್ದು ಕೇಳಿರಲಿಲ್ಲ. ಕಾದಂಬರಿ ಜೋಳಕ್ಕೆ ಹೋಯಿತು.

ಬಂದರು. ಹಾಲು ಒಡೆಯಲಿಲ್ಲ. ವಕೀಲರು ಎತ್ತರದ ಮನುಷ್ಯ, ಕೋಟಿನ ಗುಂಡಿಯನ್ನು ಕೊರಳವರೆಗೆ ಹಾಕಿಕೊಂಡಿದ್ದರು. ಅವರ ಹೆಂಡತಿ ಗುಬ್ಬಿಯಷ್ಟು, ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿ ಒಳಗೆ ಬಂದರು. ಹುಡುಗ ಜಮಖಾನೆಯ ಅಂಚನ್ನು ನೋಡುತ್ತ ಕುಳಿತ. ಶಿರಾ ಆಯಿತು, ಚಹಾ ಆಯಿತು. ಆಮೇಲೆ ವಕೀಲರು, ಆ ಕಾಲದಲ್ಲಿ ಎಲ್ಲರೂ ಕೇಳುತ್ತಿದ್ದಂತೆ, "ಏನರೆ ಒಂದೀಟು ಓದಿ ತೋರಸು ತಂಗಿ" ಎಂದರು. ಹಾಡು ಬರದ ಹುಡುಗಿಯರಿಗೆ ಓದಿನ ಪರೀಕ್ಷೆ.

ನಾನು ಹಾಡಿನ ಪುಸ್ತಕಕ್ಕೆ ಕೈ ಹಾಕುವಷ್ಟರಲ್ಲಿ ನಮ್ಮವರು ವಿನೋದದ್ದನ್ನು ಮಗಳ ಕೈಗಿಟ್ಟಿದ್ದರು. "ಅತಿಥಿದು ಓದವಾ."

ಮಗಳು ಓದಿದಳು. ಸ್ಪಷ್ಟವಾಗಿ, ತಡೆಯದೆ, ಗಣಿತದ ಸೂತ್ರ ಓದಿದಂತೆ. ಅಂಗಿಯ ಮಾತು ಬಂತು, ಹೋಯಿತು. ನಮ್ಮವರು ಧೋತರದ ಚುಂಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಬಂದವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಈ ಅತಿಥಿ ಇವರಿಗೆ ಏನಾಗಬೇಕು?" ಎಂದರು ವಕೀಲರು.

"ಅದನ್ನ ಬರದಿಲ್ರಿ" ಎಂದಳು ಮಗಳು.

"ಸಂಬಂಧ ಇಲ್ಲದವನ್ನ ಮನ್ಯಾಗ ಇಟಗೊಂಡ್ರು. ಅಂಗಿ ಕೊಟ್ಟದ್ದೋ, ತಾನs ತಗೊಂಡದ್ದೋ?"

"ತಾನs ತಗೊಂಡದ್ದುರಿ."

"ಹಂಗಾದ್ರ ಫೌಜದಾರಗ ಯಾಕ ತಿಳಸಲಿಲ್ಲ?"

ಮಗಳು ಸ್ವಲ್ಪ ಯೋಚಿಸಿ ಹೇಳಿದಳು: "ತಿಳಿಸಿದ್ರ ಪುಸ್ತಕ ಅಲ್ಲಿಗೇ ಮುಗೀತಿತ್ತುರಿ."

ನಾನು ಕಣ್ಣು ಮುಚ್ಚಿಕೊಂಡೆ. ವಕೀಲರು ಮುಂದಿನ ಪ್ರಶ್ನೆಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಬಾಯಾರ, ನಿಮ್ಮ ಮನ್ಯಾಗ ಆ ಹೋದ ತಿಂಗಳದ್ದು ಇಲ್ಲೇನ್ರಿ? ಆ ಮಹಾಬಳೇಶ್ವರದ ಹುಡುಗೀದು?"

ನನಗೆ ಗೊತ್ತಾಯಿತು. ಊರಿನ ಮಾತು ಹುಬ್ಬಳ್ಳಿಯವರೆಗೂ ಹೋಗಿದೆ, ಇದು ಬಲೆ. ಎಷ್ಟು ತಾಲೀಮು ಮಾಡಿದ್ದೆನೋ, ಮಾತು ತಾನೇ ಬಂತು. "ಛೇ ಛೇ, ನಾವು ಅಂಥಾವನ್ನ ಮನ್ಯಾಗ ತರಸೂದs ಇಲ್ರಿ."

ಆಕೆಯ ಮುಖ ಇಳಿದುಹೋಯಿತು. "ಹೌದೇನ್ರಿ" ಎಂದು ಚಹಾದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಗಂಡನ ಕಡೆ ತಿರುಗಿ, "ಓದೋ ಮಂದಿ ಮನಿ ಅಂತ ಹೇಳಿದ್ರಲ್ಲ ನೀವು" ಎಂದರು.

ವಕೀಲರಿಗೆ ಸಂಕೋಚವಾಯಿತು. "ಇಕಿಗೆ ಕಣ್ಣು ಮಂಜಾಗ್ಯಾವ್ರಿ" ಎಂದು ನಮ್ಮವರಿಗೆ ಹೇಳಿದರು. "ದಿನಾ ಊಟಾದ ಮ್ಯಾಲ ಯಾರರೆ ಓದಬೇಕು. ದೊಡ್ಡ ಸೊಸಿ ಓದಿದ್ರ ಹತ್ತಿ ಗಾಡಿ ಏರು ಹತ್ತಿದಂಗ. ನಾ ಓದಿದ್ರ ನಡುವ ಪ್ರಶ್ನೆ ಕೇಳತೇನಂತ. ನಿಮ್ಮ ಮನ್ಯಾಗ ಕಾದಂಬರಿ ಓದತಾರ ಅಂತ ಕೇಳೇ ಬಂದ್ವಿ."

"ಅರ್ಧಾ ಆಗಿತ್ತುರಿ" ಎಂದರು ಆಕೆ, ಯಾರಿಗೋ ದೂರು ಹೇಳುವಂತೆ. "ಬಾಜೂ ಮನಿಯಾಕಿ ಒಯ್ದಾಕಿ ಕೊಡವಲ್ಲಳು."

ಎರಡು ಸಂಬಂಧ ಕಾದಂಬರಿ ಓದುತ್ತೇವೆಂದು ಹೋದವು ಎಂದುಕೊಂಡಿದ್ದೆ; ಈ ಮೂರನೆಯದು ಓದುವುದಿಲ್ಲವೆಂದು ಹೋಗುತ್ತಿತ್ತು. ಹಿರಿಯರ ಮುಂದೆ ಆಡಿದ ಸುಳ್ಳನ್ನು ಹೇಗೆ ಹಿಂದೆ ತೆಗೆದುಕೊಳ್ಳುವುದು? "ಒಂದs ಮಿನಿಟು" ಎಂದು ಅಡಿಗೆಮನೆಗೆ ಓಡಿದೆ. ಜೋಳದ ಡಬ್ಬಿಗೆ ಮೊಳಕೈವರೆಗೆ ಕೈ ಹಾಕಿದೆ. ಇರಲಿಲ್ಲ. ಬುಡದವರೆಗೂ ಬಗೆದೆ. ಜೋಳದ ಹೊರತು ಏನೂ ಇರಲಿಲ್ಲ. ಸೀರೆಗೆಲ್ಲ ಜೋಳದ ದೂಳು ಮೆತ್ತಿಕೊಂಡು ಹೊರಗೆ ಬಂದರೆ, ಅತ್ತೆಯವರು ದೇವರ ಜಗಲಿಯ ಮುಂದೆ ಕುಳಿತು ಪುರಾಣದ ಕೆಂಪು ವಸ್ತ್ರದ ಗಂಟು ಬಿಚ್ಚುತ್ತಿದ್ದರು. ಆ ಗಂಟನ್ನು ಮನೆಯಲ್ಲಿ ಇನ್ನಾರೂ ಮುಟ್ಟುವಂತಿರಲಿಲ್ಲ. ಪುರಾಣದ ಮೇಲೆಯೇ ಇತ್ತು ಕಾದಂಬರಿ, ನಡುವೆ ಗುರುತಿಗೆ ಒಂದು ಬಿಲ್ವದ ಎಲೆ.

"ಜ್ವಾಳಕ್ಕ ಹುಳಾ ಬೀಳತಾವಂತ ತಗದಿಟ್ಟಿದ್ನಿ" ಎಂದರು, ನನ್ನ ಮುಖ ನೋಡದೆ. ಬೀಗತಿಯಾಗಬೇಕಾದವರಿಗೆ, "ಸೊಸಿಗೆ ಮರವು ಭಾಳ್ರಿ. ಇದ್ದದ್ದನ್ನ ಇಲ್ಲ ಅಂತಾಳ" ಎಂದು ನನ್ನ ಮಾನ ಉಳಿಸಿದರೋ, ಕಳೆದರೋ, ಇನ್ನೂ ತೀರ್ಮಾನವಾಗಿಲ್ಲ.

ಮಗಳು ವಕೀಲರ ಹೆಂಡತಿ ಕೇಳಿದ ಜಾಗದಿಂದ ಓದತೊಡಗಿದಳು. ಮತ್ತೆ ಅದೇ ಕೆರೆಯ ದಂಡೆ. ಚಿತ್ರಗಾರ ಬಂಡೆಯ ಮೇಲೆ ಕುಳಿತು ದೀರ್ಘವಾಗಿ ನಿಟ್ಟುಸಿರು ಬಿಟ್ಟ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಅವನು ಇನ್ನೊಮ್ಮೆ ಬಿಟ್ಟ. ಮಗಳ ಧ್ವನಿ ಒಂಚೂರು ನಡುಗಿತು. ಅಳುವಲ್ಲ ಎಂದು ನನಗೆ ಗೊತ್ತಿತ್ತು. ಅವಳು ತುಟಿ ಕಚ್ಚಿ ಪುಟ ತಿರುವಿದಳು. ಮೂರನೆಯ ನಿಟ್ಟುಸಿರಿಗೆ, ಬಂದಾಗಿನಿಂದ ಒಂದು ಮಾತೂ ಆಡದ ಹುಡುಗ ಜಮಖಾನೆ ನೋಡುತ್ತಲೇ ಪಕ್ಕನೆ ನಕ್ಕ. ಮಗಳು ತಡೆಯಲಾರದೆ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡಳು. ಪುಸ್ತಕ ಅಲುಗುತ್ತಿತ್ತು.

"ಈ ಚಿತ್ರಾ ತಗಿಯವನ ಉತ್ಪನ್ನ ತಿಂಗಳಿಗೆ ಎಷ್ಟು?" ಎಂದು ವಕೀಲರು ಕೇಳಿದರು.

"ನೀವು ಸುಮ್ಮನಿರ್ರಿ" ಎಂದರು ಆಕೆ. "ಪಾಪ, ಹುಡುಗಿಗೆ ದುಃಖ ತಡೀವಲ್ದು." ಪುಸ್ತಕದ ಹಿಂದೆ ಅಲುಗುತ್ತಿದ್ದುದನ್ನು ಅಳುವೆಂದೇ ತಿಳಿದು ನನ್ನ ಕೈ ಹಿಡಿದರು. "ಇಂಥಾ ಸೊಸೀನs ಬೇಕಾಗಿತ್ತುರಿ ನಮಗ."

ವಿನೋದಕ್ಕೆ ನಗದವರು, ಪ್ರೇಮಕ್ಕೆ ನಕ್ಕವರು, ನಗುವನ್ನು ಅಳುವೆಂದವರು. ಆ ಲೇಖಕರಿಬ್ಬರೂ ನಮ್ಮ ಪಡಸಾಲೆಯಲ್ಲಿ ಇದ್ದಿದ್ದರೆ ಮತ್ತೆ ಲೇಖನಿ ಹಿಡಿಯುತ್ತಿರಲಿಲ್ಲ. ನಾನು ಮಾತ್ರ ಯಾರನ್ನೂ ತಿದ್ದಲು ಹೋಗಲಿಲ್ಲ. ಹುಡುಗ ಹೊರಡುವಾಗ ಒಮ್ಮೆ ತಲೆ ಎತ್ತಿದ, ಒಳಬಾಗಿಲ ಕಡೆಗೆ. ಅಲ್ಲಿ ಮಗಳು ನಿಂತಿದ್ದಳು. ಅವಳು ತಲೆ ತಗ್ಗಿಸಲಿಲ್ಲ. ಬೇರೆ ದಿನವಾಗಿದ್ದರೆ ಅದಕ್ಕೂ ನಾನು ಎದೆ ಹೊಡೆದುಕೊಳ್ಳುತ್ತಿದ್ದೆ.

ಎಲೆ ಅಡಿಕೆ ಕೊಟ್ಟಾಯಿತು, ಮಾತು ಗಟ್ಟಿಯಾಯಿತು. ಮೆಟ್ಟಿಲು ಇಳಿಯುವಾಗ ಬೀಗತಿಯವರು ಸೆರಗಿನೊಳಗಿಂದ ಕಾದಂಬರಿಯ ಹಸಿರು ಹೊದಿಕೆಯ ಒಂದು ತುದಿ ತೋರಿಸಿದರು. "ಬಾಯಾರ, ಇದನ್ನ ಒಯ್ಯತೇನ್ರಿ. ನೀವಂತೂ ಓದಿ ಮುಗಿಸಿರಬೇಕು."

ಮಗಳನ್ನು ಬೇಡ ಎನ್ನದವರಿಗೆ ಪುಸ್ತಕ ಕೊಡುವುದಿಲ್ಲ ಎನ್ನಲು ಬಾಯಿ ಬರುತ್ತದೆಯೇ? "ಆಗೇತ್ರಿ, ಒಯ್ರಿ" ಎಂದೆ. ಅಂದು ನಾನಾಡಿದ ಎರಡನೆಯ ಸುಳ್ಳು.

ಟಾಂಗಾ ಗಟಾರಕ್ಕೆ ಇಳಿಯದೆ ತಿರುವು ದಾಟಿತು. ಅತ್ತೆಯವರು ಬಾಗಿಲಿಗೆ ಬಂದು ನನ್ನ ಪಕ್ಕ ನಿಂತರು. "ಆ ಹುಡುಗಿ ಬದಕತಾಳೇನ?" ಎಂದು ಕೇಳಿದರು.

"ನಾನೂ ಓದಿಲ್ರೀ ಅತ್ತಿ."

"ನಾ ಮೊದಲs ಹೇಳಿದ್ದೆ, ಇಂಥಾ ಹೊಲಸು ಮನ್ಯಾಗ ಇಟಗೋಬಾರ್ದಂತ" ಎಂದು ಸಿಟ್ಟಿನಿಂದ ಒಳಗೆ ಹೋದರು.

ನಮ್ಮವರಿಗೆ ಹಿಡಿಸಲಾರದ ಸಂತೋಷ. "ಯಾಕ ಹಿಂಗ ಮಾರಿ ಮಾಡೀದಿ? ಏನ್ ಕೆಟ್ಟಾತು ಈಗ?" ಎಂದರು. ಎಣಿಸಿ ನೋಡಿದರೆ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಇಷ್ಟೇ: ಕೊನೆಯ ಎರಡು ಪ್ರಕರಣ ನಾನು ಓದದೆ ಉಳಿದಿದ್ದ ಪುಸ್ತಕ ಸಂಜೆಯ ಗಾಡಿಗೆ ಹುಬ್ಬಳ್ಳಿಗೆ ಹೋಯಿತು.